ದೀರ್ಘಕಾಲದ ಒತ್ತಡ ಮತ್ತು ವಿದ್ಯಾರ್ಥಿಯ ನೆನಪು



"ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ" ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಿಮ್ಮಲ್ಲಿ ಕೆಲವರು ನಿಮ್ಮ ಬಗ್ಗೆಯೇ ಹೀಗೆ ಹೇಳಿಕೊಂಡಿರಲೂಬಹುದು. ರಾತ್ರಿ ಚೆನ್ನಾಗಿ ಬರುತ್ತಿದ್ದ ಉತ್ತರ ಬೆಳಗ್ಗೆ ತರಗತಿಯಲ್ಲಿ ಎದ್ದು ನಿಂತಾಗ ಬರುವುದಿಲ್ಲ. ಮನೆಯಲ್ಲಿ ಸರಾಗವಾಗಿ ಮಾಡಿದ ಲೆಕ್ಕ ಪರೀಕ್ಷೆಯ ಕೊಠಡಿಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಸುತ್ತಲಿನವರು 'ದಡ್ಡ' ಎಂಬ ಹೆಸರು ಕೊಡುತ್ತಾರೆ. ಸ್ವಲ್ಪ ಕಾಲ ಕಳೆದರೆ ಆ ವಿದ್ಯಾರ್ಥಿಯೂ ಅದನ್ನು ನಂಬುತ್ತಾನೆ. ನಂಬಿದ ಮೇಲೆ ಪುಸ್ತಕ ಮುಚ್ಚಿಟ್ಟು, ಶಾಲೆ ಬಿಟ್ಟು ಹೊಲದ ಕೆಲಸಕ್ಕೋ ಕೂಲಿಗೋ ಹೋಗುವುದು ಬಹಳ ಸುಲಭ.

ಈ ಹೆಸರು ಕೊಡುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಆ ವಿದ್ಯಾರ್ಥಿಯ ಮಿದುಳು ಈಗ ಎಷ್ಟು ಹೊರೆ ಹೊತ್ತಿದೆ? ತಿಂಗಳುಗಟ್ಟಲೆ ಮುಂದುವರಿಯುವ ಆತಂಕ, ನಿದ್ದೆಗೇಡು ಮತ್ತು ಭಯ ನೆನಪಿನ ಕೆಲಸವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಬಹುಮಟ್ಟಿಗೆ ಬಿಡಿಸಿ ತೋರಿಸಿದ್ದಾರೆ. ಅದರಲ್ಲಿ ಮಹತ್ವದ ಒಂದು ಭಾಗ ನಮ್ಮ ಬೆಂಗಳೂರು ಮತ್ತು ಮೈಸೂರುಗಳಲ್ಲೇ ನಡೆದಿದೆ. ಇಂದಿನ ಮಾತಿನಲ್ಲಿ ಅದನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಬದುಕಿನ ಜೊತೆಗಿಟ್ಟು ನೋಡೋಣ.

ಮೊದಲು ಒತ್ತಡ ಎಂದರೇನು ಎಂಬುದನ್ನು ತಿಳಿಯಬೇಕು. ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಒಂದು ಊರನ್ನು ಊಹಿಸಿಕೊಳ್ಳಿ. ರಾಗಿ ತೆನೆ ಕಟ್ಟಿದೆ. ಅಟ್ಟಣೆಯ ಮೇಲೆ ಕಾವಲು ಕುಳಿತ ರೈತನಿಗೆ ನಡುರಾತ್ರಿಯಲ್ಲಿ ಬಿದಿರು ಮುರಿದ ಸದ್ದು ಕೇಳುತ್ತದೆ. ಆನೆ ಬಂದಿದೆ! ಅವನ ಎದೆ ಬಡಿತ ಜೋರಾಗುತ್ತದೆ, ಉಸಿರು ವೇಗವಾಗುತ್ತದೆ, ತೂಕಡಿಕೆ ಹಾರಿಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಾರ್ಧದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಕೆಲವು ನಿಮಿಷಗಳಲ್ಲಿ ಅದೇ ಗ್ರಂಥಿಗಳ ಹೊರಪದರದಿಂದ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೊರಬರುತ್ತದೆ. ದೇಹದಲ್ಲಿ ಕೂಡಿಟ್ಟ ಸಕ್ಕರೆ ಬಿಡುಗಡೆಯಾಗಿ ಕೈಕಾಲುಗಳಿಗೆ ಬಲ ಬರುತ್ತದೆ. ಜೀರ್ಣಕ್ರಿಯೆಯಂಥ ಅವಸರವಿಲ್ಲದ ಕೆಲಸಗಳು ಹಿಂದೆ ಸರಿಯುತ್ತವೆ. ಇದು ಕಾಯಿಲೆಯಲ್ಲ, ಪ್ರಾಣ ಉಳಿಸುವ ವ್ಯವಸ್ಥೆ.

ಹೀಗೆ ದೇಹವು ಬೇರೆ ಬೇರೆ ಬಗೆಯ ಹೊರೆಗಳಿಗೆ ಒಂದೇ ತೆರನಾಗಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಒಂದು ಚಿಕ್ಕ ಬರಹದಲ್ಲಿ ಮುಂದಿಟ್ಟರು. ಮುಂದೆ ಅವರೇ ಇದಕ್ಕೆ 'ಸ್ಟ್ರೆಸ್' ಎಂಬ ಪದವನ್ನು ಬಳಕೆಗೆ ತಂದರು. ಅದು ಎಂಜಿನಿಯರುಗಳ ಪದ. ತೊಲೆಯ ಮೇಲೆ ಭಾರ ಬಿದ್ದಾಗ ಅದರೊಳಗೆ ಉಂಟಾಗುವ ಒತ್ತಡ ಎಂದು ಅದರ ಅರ್ಥ. ಕನ್ನಡದಲ್ಲಿ ನಾವೂ ಒತ್ತಡ ಎಂದೇ ಹೇಳುತ್ತೇವೆ.

ಆನೆ ಕಾಡಿಗೆ ಹಿಂದಿರುಗಿದ ಮೇಲೆ ಏನಾಗುತ್ತದೆ? ರಕ್ತದಲ್ಲಿ ಕಾರ್ಟಿಸಾಲ್ ಹೆಚ್ಚಾಗಿರುವುದನ್ನು ಮಿದುಳು ಗುರುತಿಸಿ, "ಇನ್ನು ಸಾಕು" ಎಂಬ ಆಜ್ಞೆ ಕಳಿಸುತ್ತದೆ. ಸುಮಾರು ಒಂದೆರಡು ಗಂಟೆಗಳಲ್ಲಿ ದೇಹ ಮೊದಲಿನ ಸ್ಥಿತಿಗೆ ಬರುತ್ತದೆ. ಇಂಥ ಅಲ್ಪಕಾಲದ ಒತ್ತಡ ನೆನಪಿಗೆ ಸಹಾಯವನ್ನೇ ಮಾಡುತ್ತದೆ. ಆನೆ ಯಾವ ದಿಕ್ಕಿನಿಂದ ಬಂದಿತು, ಯಾವ ಬದುವನ್ನು ದಾಟಿತು ಎಂಬುದನ್ನು ಆ ರೈತ ವರ್ಷಗಳ ನಂತರವೂ ಹೇಳಬಲ್ಲ. ಪರೀಕ್ಷೆಯ ದಿನ ಹೊಟ್ಟೆಯಲ್ಲಿ ಆಗುವ ಸಣ್ಣ ಕಳವಳವೂ ಇದೇ ಜಾತಿಯದು. ಅದಕ್ಕೆ ಹೆದರಬೇಕಾಗಿಲ್ಲ.

ತೊಂದರೆ ಇರುವುದು ಆನೆ ಹೋದರೂ ಆತಂಕ ಹೋಗದಿದ್ದಾಗ. ಪ್ರತಿ ರಾತ್ರಿ ಕಾಯಬೇಕು, ಬೆಳೆ ಮನೆ ಸೇರುವವರೆಗೆ ಕಾಯಬೇಕು, ಮುಂದಿನ ವರ್ಷ ಮತ್ತೆ ಕಾಯಬೇಕು ಎಂದಾದರೆ ಅದು ದೀರ್ಘಕಾಲದ ಒತ್ತಡ. ಇದರ ಲಕ್ಷಣ ಎರಡು. ಒಂದು, ಅದಕ್ಕೆ ಕೊನೆ ಯಾವಾಗ ಎಂಬುದು ತಿಳಿದಿರುವುದಿಲ್ಲ. ಎರಡು, ಅದನ್ನು ಹಿಡಿತಕ್ಕೆ ತರುವುದು ತನ್ನ ಕೈಯಲ್ಲಿಲ್ಲ ಎಂದು ಮನುಷ್ಯನಿಗೆ ಅನ್ನಿಸುತ್ತಿರುತ್ತದೆ.

ನಾನು ಹೆಸರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಒತ್ತಡಕ್ಕೆ ತನ್ನದೇ ಪಂಚಾಂಗವಿದೆ. ಇದು ವರ್ಜೀನಿಯಾ ಹೊಗೆಸೊಪ್ಪಿನ ನಾಡು. ಬೇಸಿಗೆಯಲ್ಲಿ ಸಸಿಮಡಿ ಹಾಕುತ್ತಾರೆ. ಮುಂಗಾರಿನ ಮುನ್ನಿನ ಮಳೆ ಬಿದ್ದರೆ ನಾಟಿ. ಜೂನ್‌ನಲ್ಲಿ ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಜುಲೈ ಕಳೆದಂತೆ ಎಲೆ ಮುರಿಯುವ ಕೆಲಸ. ಮುರಿದ ಎಲೆಯನ್ನು ಬ್ಯಾರನ್‌ಗೆ ಏರಿಸಿ, ಹಗಲು ರಾತ್ರಿ ಸೌದೆಯ ಉರಿ ಕೊಟ್ಟು ಹದ ಮಾಡಬೇಕು. ಒಂದು ಸುತ್ತಿಗೆ ಐದಾರು ದಿನ ಬೇಕು. ಆ ದಿನಗಳಲ್ಲಿ ಉರಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಸ್ವಲ್ಪ ಕಣ್ಣು ಮುಚ್ಚಿದರೆ ಎಲೆಯ ಬಣ್ಣ ಕೆಡುತ್ತದೆ, ಬ್ಯಾರನ್ನಿಗೆ ಬೆಂಕಿ ತಗಲುವ ಅಪಾಯವೂ ಉಂಟು. ಆದ್ದರಿಂದ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಎದ್ದಿರಲೇಬೇಕು.

ಎಲೆ ಹದವಾದ ಮೇಲೆ ಇನ್ನೊಂದು ಕಾಯುವಿಕೆ ಆರಂಭವಾಗುತ್ತದೆ. ತಂಬಾಕು ಮಂಡಳಿಯ ಹರಾಜು ಕಟ್ಟೆಗಳು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಚ್.ಡಿ. ಕೋಟೆ ಮುಂತಾದ ಕಡೆ ಇವೆ. ಮಳೆಗಾಲ ಮುಗಿಯುತ್ತ ಬರುವಾಗ ಹರಾಜು ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಬೇಲಿಗೆ ಯಾವ ದರ್ಜೆ ಸಿಗುತ್ತದೆ, ಕಿಲೋಗೆ ಎಷ್ಟು ದರ ಕೂಗುತ್ತಾರೆ ಎಂಬುದರ ಮೇಲೆ ಬ್ಯಾಂಕಿನ ಸಾಲ, ಕೈಸಾಲ, ಮಗಳ ಮದುವೆ, ಮಗನ ಕಾಲೇಜಿನ ಫೀಸು ಎಲ್ಲವೂ ನಿಂತಿರುತ್ತವೆ. ಕೃಷ್ಣರಾಜನಗರದ ಭತ್ತದ ಗದ್ದೆಗಳಲ್ಲಿ ಹೊಗೆಸೊಪ್ಪಿನ ಬದಲು ನಾಲೆಯ ನೀರಿಗಾಗಿ ಕಾಯುತ್ತಾರೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಆನೆ, ಹಂದಿಗಳ ಕಾವಲು ಇದರ ಜೊತೆಗೆ ಸೇರುತ್ತದೆ. ಕಾಡಿನೊಳಗಿನ ತಮ್ಮ ನೆಲೆಯನ್ನು ಬಿಟ್ಟು ಬಂದ ಜೇನುಕುರುಬರ ಹಾಡಿಗಳಲ್ಲಿ ನಾಳಿನ ಕೂಲಿ ಎಲ್ಲಿ ಎಂಬ ಚಿಂತೆ ಇರುತ್ತದೆ. ಚಿಂತೆಗಳ ಹೆಸರು ಬೇರೆಯಾದರೂ ದೇಹದೊಳಗೆ ಅವು ಹಿಡಿಯುವ ದಾರಿ ಒಂದೇ.

ಇವೆಲ್ಲ ದೊಡ್ಡವರ ಚಿಂತೆಗಳು, ಮಕ್ಕಳಿಗೇನು ಸಂಬಂಧ ಎಂದು ಕೇಳಬಹುದು. ಒಂದೇ ಸೂರಿನಡಿ ಇರುವ ಮಕ್ಕಳಿಗೆ ಎಲ್ಲವೂ ತಿಳಿಯುತ್ತದೆ. ತಂದೆತಾಯಿಯ ಪಿಸುಮಾತು, ಸಾಲ ಕೇಳಲು ಬಂದವರ ದನಿ, ಊಟದ ಹೊತ್ತಿನ ಮೌನ, ಇವು ಯಾವುವೂ ಅವರ ಕಿವಿ ತಪ್ಪಿಸುವುದಿಲ್ಲ. ಸೌದೆ ಹೊರುವುದು, ಎಲೆ ಕಟ್ಟುವುದು, ರಾತ್ರಿ ಬ್ಯಾರನ್ನಿನ ಬಳಿ ಅಪ್ಪನ ಜೊತೆ ಕೂರುವುದು ಎಷ್ಟೋ ಮಕ್ಕಳ ಪಾಲಿಗೆ ಬಂದಿದೆ. ಬೆಳಗ್ಗೆ ಅದೇ ಮಕ್ಕಳು ತರಗತಿಯಲ್ಲಿ ಕೂತಿರುತ್ತಾರೆ.

ಈಗ ಮಿದುಳಿನೊಳಗೆ ಹೋಗೋಣ. ಕಿವಿಯ ನೇರಕ್ಕೆ, ತಲೆಯ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಗ್ರೀಕ್ ಭಾಷೆಯಲ್ಲಿ ಇದು ಕಡಲಕುದುರೆಯ ಹೆಸರು. ಆಕಾರ ಸ್ವಲ್ಪ ಹಾಗೆಯೇ ಇದೆ. ನೀವು ಇಂದು ಕಲಿತ ಪಾಠ, ಕಂಡ ಮುಖ, ನಡೆದ ದಾರಿ ನಾಳೆಗೂ ಉಳಿಯಬೇಕಾದರೆ ಇದರ ನೆರವು ಬೇಕೇ ಬೇಕು.

ಇದು ತಿಳಿದುಬಂದದ್ದು ಒಬ್ಬ ರೋಗಿಯ ದುರದೃಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ತೀವ್ರವಾದ ಮೂರ್ಛೆರೋಗವಿತ್ತು. 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿ ಹೊರಟುಹೋಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಹಲವು ವರ್ಷ ಅವನನ್ನು ಪರೀಕ್ಷಿಸಿದರು. ಪ್ರತಿ ಭೇಟಿಯಲ್ಲೂ ಅವನಿಗೆ ಅವರು ಹೊಸಬರೇ! ಆದರೆ ಅವನ ಬುದ್ಧಿ ಕುಂದಿರಲಿಲ್ಲ, ಮಾತು ಚೆನ್ನಾಗಿತ್ತು, ಬಾಲ್ಯದ ನೆನಪುಗಳೂ ಇದ್ದವು. ಬುದ್ಧಿ ಬೇರೆ, ಹೊಸ ನೆನಪು ಕಟ್ಟುವ ಕೆಲಸ ಬೇರೆ ಎಂಬುದನ್ನು ಈ ಸಂಗತಿ ಸ್ಪಷ್ಟಪಡಿಸಿತು. ಮರೆವು ಕಂಡಕೂಡಲೇ 'ದಡ್ಡ' ಎನ್ನುವವರು ಇದನ್ನು ಗಮನಿಸಬೇಕು.

ಒತ್ತಡಕ್ಕೂ ಹಿಪ್ಪೊಕ್ಯಾಂಪಸ್‌ಗೂ ಏನು ನಂಟು? 1968ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಎವೆನ್ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿ, ಒತ್ತಡದ ಹಾರ್ಮೋನು ಮಿದುಳಿನ ಈ ಭಾಗದಲ್ಲಿ ವಿಶೇಷವಾಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. ಬೀಗಕ್ಕೆ ಕೀಲಿ ಹೊಂದುವಂತೆ ಹಾರ್ಮೋನಿಗೆ ಹೊಂದುವ ಗ್ರಾಹಕಗಳು ಇಲ್ಲಿನ ನರಕೋಶಗಳಲ್ಲಿ ಹೇರಳವಾಗಿವೆ. ನೆನಪು ಕಟ್ಟುವ ಜಾಗವೇ ಕಾರ್ಟಿಸಾಲಿನ ಅಳತೆ ನೋಡಿ "ಇನ್ನು ಸಾಕು" ಎಂದು ಹೇಳುವ ಕೆಲಸದಲ್ಲೂ ಪಾಲುಗೊಳ್ಳುತ್ತದೆ. ಹಾರ್ಮೋನಿನ ಹೊಡೆತ ಬಹುಕಾಲ ನಡೆದರೆ ಆ ಜಾಗಕ್ಕೇ ಪೆಟ್ಟು ಬೀಳುತ್ತದೆ. ಆಗ "ಸಾಕು" ಎನ್ನುವ ದನಿಯೂ ಕ್ಷೀಣಿಸುತ್ತದೆ.

ಈ ಪೆಟ್ಟು ಹೇಗಿರುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ ಒಂದು ಪ್ರಸಿದ್ಧ ಅಧ್ಯಯನ ಬೆಂಗಳೂರಿನದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರನ್ನು ಒಳಗೊಂಡ ತಂಡ ಇದನ್ನು 2002ರಲ್ಲಿ ಪ್ರಕಟಿಸಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲಾಗದಂತೆ ಹಿಡಿದಿಟ್ಟರು. ಆಮೇಲೆ ಅವುಗಳ ನರಕೋಶಗಳಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶ ಎಂಬುದು ಮರವಿದ್ದಂತೆ. ಅದರ ರೆಂಬೆಗಳ ಮೇಲೆ ಬೇರೆ ಕೋಶಗಳಿಂದ ಬರುವ ಸಂದೇಶಗಳು ತಲಪುತ್ತವೆ. ಹಿಪ್ಪೊಕ್ಯಾಂಪಸ್‌ನ ಒಂದು ಭಾಗದ ಕೋಶಗಳ ರೆಂಬೆಗಳು ಗಿಡ್ಡವಾಗಿದ್ದವು, ಕವಲುಗಳು ಕಡಿಮೆಯಾಗಿದ್ದವು.

ಅದೇ ಇಲಿಗಳ ಮಿದುಳಿನ ಇನ್ನೊಂದು ಭಾಗದಲ್ಲಿ ಇದಕ್ಕೆ ತೀರ ವಿರುದ್ಧವಾದದ್ದು ಕಂಡಿತು. ಹಿಪ್ಪೊಕ್ಯಾಂಪಸ್‌ನ ಪಕ್ಕದಲ್ಲೇ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯವನ್ನು ಗುರುತಿಸಿ ಭಯ ಹುಟ್ಟಿಸುವುದು ಅದರ ಕೆಲಸಗಳಲ್ಲೊಂದು. ಅಲ್ಲಿನ ಕೋಶಗಳ ರೆಂಬೆಗಳು ಒತ್ತಡದಿಂದ ಹುಲುಸಾಗಿ ಬೆಳೆದಿದ್ದವು. ಅಂದರೆ ಪಾಠವನ್ನು ನೆನಪಿಡುವ ಭಾಗ ಸೊರಗುತ್ತಿರುವಾಗ ಭಯವನ್ನು ಕಾಯುವ ಭಾಗ ಕೊಬ್ಬುತ್ತದೆ. ದೀರ್ಘ ಒತ್ತಡದಲ್ಲಿರುವ ವಿದ್ಯಾರ್ಥಿಗೆ ಬೈಗುಳವೊಂದು ವರ್ಷಗಟ್ಟಲೆ ನೆನಪಿರುವುದು, ನಿನ್ನೆಯ ಪಾಠ ಮರೆತುಹೋಗುವುದು ಏಕೆ ಎಂಬುದನ್ನು ಅರಿಯಲು ಇದೊಂದು ಸುಳಿವು.

ಇಲಿಗಳ ಮಾತು ಮನುಷ್ಯರಿಗೆ ಹೊಂದುತ್ತದೆಯೆ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ಮನುಷ್ಯರ ಮಿದುಳನ್ನು ಹಾಗೆ ತೆಗೆದು ನೋಡಲಾಗದು. ಆದ್ದರಿಂದ ಬೇರೆ ದಾರಿ ಹುಡುಕಬೇಕಾಯಿತು. 2000ದಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಕೆಲವರಿಗೆ ಪದಗಳ ಪಟ್ಟಿಯೊಂದನ್ನು ಕಲಿಸಿದರು. ಮರುದಿನ ಅದನ್ನು ನೆನಪಿಸಿಕೊಳ್ಳಲು ಹೇಳುವ ಒಂದು ಗಂಟೆ ಮೊದಲು ಕಾರ್ಟಿಸೋನ್ ಮಾತ್ರೆ ಕೊಟ್ಟರು. ದೇಹದಲ್ಲಿ ಅದು ಕಾರ್ಟಿಸಾಲ್ ಆಗುತ್ತದೆ. ಮಾತ್ರೆ ತೆಗೆದುಕೊಂಡಾಗ ಅವರಿಗೆ ಜ್ಞಾಪಕಕ್ಕೆ ಬಂದ ಪದಗಳು ಕಡಿಮೆ. ಕಲಿತದ್ದು ಅಳಿಸಿಹೋಗಿರಲಿಲ್ಲ, ಹೊರತೆಗೆಯುವ ಬಾಗಿಲು ಆ ಹೊತ್ತಿಗೆ ಬಿಗಿಯಾಗಿತ್ತು. ಪರೀಕ್ಷೆಯ ಕೊಠಡಿಯಲ್ಲಿ ಬಾರದ ಉತ್ತರ ಹೊರಗೆ ಬಂದು ಮರದ ನೆರಳಿನಲ್ಲಿ ನಿಂತಾಗ ತಾನಾಗಿಯೇ ಹೊಳೆಯುವುದು ನಿಮ್ಮ ಅನುಭವಕ್ಕೂ ಬಂದಿರಬಹುದು.

ನಮ್ಮ ಮೈಸೂರಿನಲ್ಲೇ ನಡೆದ ಒಂದು ಅಧ್ಯಯನವನ್ನೂ ಹೇಳಬೇಕು. ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಆರೋಗ್ಯವನ್ನು ದಾಖಲಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷಗಳ ಕಾಲ ಗಮನಿಸುತ್ತ ಬಂದರು. ಆ ಮಕ್ಕಳಲ್ಲಿ ಕೆಲವರು ಹದಿಹರೆಯಕ್ಕೆ ಬಂದಾಗ, ಅಪರಿಚಿತ ಪರೀಕ್ಷಕರ ಮುಂದೆ ನಿಂತು ಮಾತನಾಡಲು, ಬಾಯಿಲೆಕ್ಕ ಮಾಡಲು ಹೇಳಿದರು. ಮೊದಲೂ ಆಮೇಲೂ ಅವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ಅದರ ಮಟ್ಟ ಏರಿತ್ತು. ಪರರ ಮುಂದೆ ಲೆಕ್ಕ ಮಾಡುವ ಕೆಲವು ನಿಮಿಷಗಳಿಗೇ ದೇಹ ಹೀಗೆ ಸ್ಪಂದಿಸುವುದಾದರೆ, ಪ್ರತಿದಿನ ಬೆತ್ತದ ನೆರಳಿನಲ್ಲಿ ಪ್ರಶ್ನೆಗೆ ಉತ್ತರಿಸಬೇಕಾದ ಮಗುವಿನ ಗತಿ ಏನು? ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಅದಕ್ಕೆ ಕರುಣೆಯ ಕಾರಣ ಹೇಗೂ ಇದೆ. ಕಲಿಕೆಯ ದೃಷ್ಟಿಯಿಂದಲೂ ಅದು ಸರಿಯೇ.

ಇನ್ನು ಹೊಲದ ಮಾತಿಗೆ ಬರೋಣ. ನೆರೆಯ ತಮಿಳುನಾಡಿನಲ್ಲಿ ನಡೆದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಹೊಗೆಸೊಪ್ಪಿನ ರೈತರಿಗೂ ಅನ್ವಯಿಸುವಂತಿದೆ. 54 ಹಳ್ಳಿಗಳ 464 ಮಂದಿ ಕಬ್ಬು ಬೆಳೆಗಾರರನ್ನು ಸಂಶೋಧಕರು ಎರಡು ಸಲ ಪರೀಕ್ಷಿಸಿದರು. ಒಮ್ಮೆ ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ. ಇನ್ನೊಮ್ಮೆ ಕಟಾವಾಗಿ ಹಣ ಬಂದ ಮೇಲೆ. ಚಿತ್ರಗಳ ವಿನ್ಯಾಸ ಗುರುತಿಸುವ, ಗಮನವನ್ನು ಅಳೆಯುವ ಪರೀಕ್ಷೆಗಳಲ್ಲಿ ಅದೇ ರೈತರು ಕಟಾವಿನ ಮುಂಚೆ ಕಡಿಮೆ ಅಂಕ ಪಡೆದರು, ಆಮೇಲೆ ಹೆಚ್ಚು ಅಂಕ ಪಡೆದರು. ಕೆಲವು ತಿಂಗಳಲ್ಲಿ ಅವರ ಬುದ್ಧಿ ಬದಲಾಯಿತೆ? ಇಲ್ಲ. ಹಣದ ಚಿಂತೆ ಅವರ ಗಮನದ ದೊಡ್ಡ ಪಾಲನ್ನು ನುಂಗಿಹಾಕಿತ್ತು. ಇದಕ್ಕೆ ಒತ್ತಡದ ಹಾರ್ಮೋನೊಂದೇ ಕಾರಣವಲ್ಲ, ಮನಸ್ಸು ಸದಾ ಲೆಕ್ಕಾಚಾರದಲ್ಲಿ ಮುಳುಗಿರುವುದೇ ಹೊರೆ ಎಂದು ಸಂಶೋಧಕರು ವಿವರಿಸಿದರು. ಹರಾಜಿನ ದರಕ್ಕಾಗಿ ಕಾಯುತ್ತಿರುವ ಮನೆಯಲ್ಲಿ ಓದಲು ಕೂತ ಹುಡುಗಿಯ ಮನಸ್ಸಿನ ಒಂದು ಭಾಗವೂ ಹೀಗೆಯೇ ಬೇರೆಡೆ ದುಡಿಯುತ್ತಿರುತ್ತದೆ. ಆಕೆಗೆ ಪಾಠಕ್ಕೆ ಉಳಿಯುವುದು ಮಿಕ್ಕ ಭಾಗ ಮಾತ್ರ.

ನಿದ್ದೆಯ ವಿಷಯವನ್ನೂ ಇಲ್ಲಿ ಸೇರಿಸಬೇಕು. ನಾವು ಮಲಗಿದಾಗ ಮಿದುಳು ಸುಮ್ಮನಿರುವುದಿಲ್ಲ. ಹಗಲು ಕಲಿತದ್ದನ್ನು ಹಿಪ್ಪೊಕ್ಯಾಂಪಸ್ ಗಾಢನಿದ್ದೆಯಲ್ಲಿ ಮತ್ತೆ ಮತ್ತೆ ಮೆಲುಕು ಹಾಕಿ, ಮಿದುಳಿನ ಹೊರಪದರದಲ್ಲಿ ನೆಲೆಗೊಳ್ಳಲು ನೆರವಾಗುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒತ್ತಡ ನಿದ್ದೆಯನ್ನು ಕೆಡಿಸುತ್ತದೆ, ನಿದ್ದೆಗೇಡು ಒತ್ತಡವನ್ನು ಹೆಚ್ಚಿಸುತ್ತದೆ. ಬ್ಯಾರನ್ನಿನ ಉರಿಯ ಮುಂದೆ ರಾತ್ರಿ ಕಳೆದ ಹುಡುಗನಾಗಲಿ, ಪರೀಕ್ಷೆಗೆಂದು ರಾತ್ರಿಯಿಡೀ ಓದಿದ ಪಟ್ಟಣದ ಹುಡುಗಿಯಾಗಲಿ ಈ ವಿಷಯದಲ್ಲಿ ಒಂದೇ. ಇಬ್ಬರಿಗೂ ಕಲಿತದ್ದು ನೆಲೆಯೂರುವ ಅವಕಾಶ ತಪ್ಪಿದೆ.

ಎಲ್ಲ ಮರೆವಿಗೂ ಒತ್ತಡವೇ ಕಾರಣ ಎಂದು ತಿಳಿಯಬಾರದು. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ದೋಷ, ಕಣ್ಣು ಕಿವಿಗಳ ತೊಂದರೆ ಇವೂ ಓದಿಗೆ ಅಡ್ಡಿಯಾಗುತ್ತವೆ. ಹೊಗೆಸೊಪ್ಪಿನ ಹಸಿ ಎಲೆಯನ್ನು, ಅದರಲ್ಲೂ ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಎಲೆಯನ್ನು ಬರಿಗೈಯಿಂದ ಮುಟ್ಟಿದರೆ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಕರಿಕೆ, ತಲೆಸುತ್ತು, ತಲೆನೋವು ಬರುವುದುಂಟು. ಅದನ್ನು ಸೋಮಾರಿತನ ಎಂದು ತಪ್ಪು ತಿಳಿಯುವವರಿದ್ದಾರೆ. ಆದ್ದರಿಂದ ಮರೆವು, ಸುಸ್ತು ಬಹಳ ದಿನ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸುವುದು ಲೇಸು.

ಇಷ್ಟು ಕೇಳಿದ ಮೇಲೆ, ಒತ್ತಡ ಮಿದುಳನ್ನು ಕೆಡಿಸಿಬಿಟ್ಟರೆ ಮುಂದೇನು ಎಂಬ ಅಂಜಿಕೆ ನಿಮಗೆ ಬಂದಿರಬಹುದು. ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಬೆಂಗಳೂರಿನ ಅದೇ ತಂಡ 2004ರಲ್ಲಿ ಇನ್ನೊಂದು ಅಧ್ಯಯನವನ್ನು ಪ್ರಕಟಿಸಿತು. ಒತ್ತಡಕ್ಕೊಳಗಾದ ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟು ನೋಡಿದಾಗ ಹಿಪ್ಪೊಕ್ಯಾಂಪಸ್‌ನ ರೆಂಬೆಗಳು ಮತ್ತೆ ಮೊದಲಿನಂತಾಗಿದ್ದವು. ಬೇಸಿಗೆಯಲ್ಲಿ ಬೋಳಾದ ಮರ ಮಳೆ ಬಿದ್ದಾಗ ಚಿಗುರುವಂತೆ ನೆನಪಿನ ಮರವೂ ಚಿಗುರಬಲ್ಲದು.

ಆದರೆ ಅದೇ ಅಧ್ಯಯನದಲ್ಲಿ ಅಮಿಗ್ಡಲದ ಹೆಚ್ಚುವರಿ ರೆಂಬೆಗಳು ಹಾಗೆಯೇ ಉಳಿದಿದ್ದವು, ಇಲಿಗಳ ಅಂಜಿಕೆಯೂ ಇಳಿದಿರಲಿಲ್ಲ. ಒತ್ತಡ ನಿಂತ ಮಾತ್ರಕ್ಕೆ ಭಯ ತಾನಾಗಿಯೇ ಹೋಗುವುದಿಲ್ಲ ಎಂದಾಯಿತು. ಅದಕ್ಕೆ ಒಳ್ಳೆಯ ಸುತ್ತಮುತ್ತಲು ಬೇಕು. 2009ರಲ್ಲಿ ನಿಮ್ಹಾನ್ಸ್‌ನ ವಿಜ್ಞಾನಿಗಳು ಪ್ರಕಟಿಸಿದ ಫಲಿತಾಂಶ ಈ ದಿಕ್ಕಿನಲ್ಲಿದೆ. ಒತ್ತಡ ಅನುಭವಿಸಿದ ಇಲಿಗಳನ್ನು ದಿನದ ಕೆಲವು ಗಂಟೆ ವಿಶಾಲವಾದ ಗೂಡಿನಲ್ಲಿ, ಆಟದ ಸಾಮಾನು ಮತ್ತು ಜೊತೆಗಾರರ ನಡುವೆ ಬಿಟ್ಟರು. ಅವುಗಳ ಕಲಿಕೆ ಸುಧಾರಿಸಿತು, ಹಿಪ್ಪೊಕ್ಯಾಂಪಸ್‌ನಲ್ಲಿ ಕುಂದಿದ್ದ ಹೊಸ ಕೋಶಗಳ ಹುಟ್ಟು ಮತ್ತೆ ಹೆಚ್ಚಿತು. ಔಷಧವಿಲ್ಲದೆ, ಆಟ ಮತ್ತು ಒಡನಾಟದಿಂದ ಆದ ಚೇತರಿಕೆ ಇದು. ಪರೀಕ್ಷೆ ಬಂತೆಂದು ಮಕ್ಕಳ ಆಟ, ಗೆಳೆತನ, ಓಡಾಟ ಎಲ್ಲವನ್ನೂ ನಿಲ್ಲಿಸುವ ಹಿರಿಯರು ಇದನ್ನು ಯೋಚಿಸಬೇಕು.

ಹಾಗಾದರೆ ನೀವು ಮಾಡಬಹುದಾದದ್ದೇನು? ಹರಾಜಿನ ದರವನ್ನಾಗಲಿ, ಮಳೆಯನ್ನಾಗಲಿ, ಆನೆಯ ದಾರಿಯನ್ನಾಗಲಿ ನೀವು ಬದಲಿಸಲಾರಿರಿ. ಆದರೂ ಕೆಲವು ಸಂಗತಿಗಳು ನಿಮ್ಮ ಕೈಯಲ್ಲಿವೆ.

ಮೊದಲನೆಯದು ಓದುವ ರೀತಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ 120 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಕೆಲವರು ಕಲಿಯಬೇಕಾದದ್ದನ್ನು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಪಟ್ಟಿ ಮುಚ್ಚಿಟ್ಟು, ನೆನಪಿನಿಂದ ಹೊರತೆಗೆಯುವ ಅಭ್ಯಾಸ ಮಾಡಿದರು. ಮರುದಿನ ಒತ್ತಡದ ಸನ್ನಿವೇಶ ಒಡ್ಡಿ ಪರೀಕ್ಷಿಸಿದಾಗ, ಬರೇ ಓದಿದವರ ನೆನಪು ಕುಗ್ಗಿತು. ಹೊರತೆಗೆಯುವ ಅಭ್ಯಾಸ ಮಾಡಿದವರ ನೆನಪು ಕುಗ್ಗಲಿಲ್ಲ. ಆದ್ದರಿಂದ ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ. ಏನು ಉಳಿದಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ, ಇಲ್ಲವೇ ತಂಗಿಗೋ ತಮ್ಮನಿಗೋ ಹೇಳಿ. ಬಿಟ್ಟುಹೋದದ್ದನ್ನು ಪುಸ್ತಕ ತೆರೆದು ನೋಡಿಕೊಳ್ಳಿ. ಮೂರು ದಿನ ಬಿಟ್ಟು ಮತ್ತೊಮ್ಮೆ ಹೀಗೆಯೇ ಮಾಡಿ. ಇದಕ್ಕೆ ಟ್ಯೂಷನ್ ಬೇಡ, ಹಣ ಬೇಡ.

ಎರಡನೆಯದು ನಿದ್ದೆ ಮತ್ತು ಓಡಾಟ. ಬೆಳೆಯ ದಿನಗಳಲ್ಲಿ ರಾತ್ರಿ ಕೆಲಸ ತಪ್ಪದಿದ್ದರೆ ಮನೆಯವರೊಡನೆ ಮಾತಾಡಿ, ಶಾಲೆ ಇರುವ ಹಿಂದಿನ ರಾತ್ರಿ ಮಕ್ಕಳ ಸರದಿ ಬಾರದಂತೆ ನೋಡಿಕೊಳ್ಳಿ. ದಿನವೂ ಸ್ವಲ್ಪ ಹೊತ್ತು ಓಡಿ, ಕಬಡ್ಡಿ ಆಡಿ. ವ್ಯಾಯಾಮದಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಆತಂಕ ಇಳಿಯುತ್ತದೆ.

ಮೂರನೆಯದೊಂದು ಎಚ್ಚರಿಕೆ. ಬೀಡಿ, ಸಿಗರೇಟಿನಿಂದ ಟೆನ್ಷನ್ ಇಳಿಯುತ್ತದೆ ಎಂಬ ಮಾತು ನಮ್ಮ ಹೊಗೆಸೊಪ್ಪಿನ ಸೀಮೆಯಲ್ಲೂ ಇದೆ. ನಿಕೋಟಿನ್ ಚಟ ಹತ್ತಿದವನಿಗೆ ಸೇದದಿದ್ದಾಗ ತಳಮಳ ಉಂಟಾಗುತ್ತದೆ. ಸೇದಿದಾಗ ಆ ತಳಮಳ ತಾತ್ಕಾಲಿಕವಾಗಿ ಅಡಗುತ್ತದೆ, ಅಷ್ಟೆ. ಚಟ ತಾನೇ ತಂದ ನೋವನ್ನು ತಾನೇ ಸ್ವಲ್ಪ ಹೊತ್ತು ಮರೆಸುವ ಆಟ ಇದು. ಮನೆಯಲ್ಲಿ ಬೆಳೆಯುವ ಎಲೆ ಎಂಬ ಸಲುಗೆಯಿಂದ ಯಾರೂ ಇದಕ್ಕೆ ಕೈಹಾಕಬಾರದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೇಳಿಕೊಳ್ಳುವುದು. ಹೇಳದ ಚಿಂತೆ ಗಮನವನ್ನು ಹೆಚ್ಚು ತಿನ್ನುತ್ತದೆ. ನಂಬಿಕೆಯ ಗೆಳೆಯ, ಅಕ್ಕ, ಅಜ್ಜಿ, ಶಿಕ್ಷಕರು, ಯಾರಾದರೂ ಆಗಬಹುದು. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸರಿ, ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜ್ವರ ಬಂದಾಗ ಆಸ್ಪತ್ರೆಗೆ ಹೋಗಲು ನಾವು ನಾಚುವುದಿಲ್ಲ. ಇದಕ್ಕೂ ನಾಚಬೇಕಾಗಿಲ್ಲ. ನಿಮ್ಮ ತಂದೆತಾಯಿಗಳೂ ಹೊರೆ ಹೊತ್ತವರೇ. ಅವರಿಗೂ ಈ ಸಂಖ್ಯೆಯನ್ನು ತಿಳಿಸಿ.

ಕೊನೆಯದಾಗಿ ಈ ಮಾತನ್ನು ಕೇಳುತ್ತಿರುವ ಶಿಕ್ಷಕರಲ್ಲಿ ಒಂದು ವಿನಂತಿ. ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನನ್ನು ಕಂಡಾಗ ಶಿಕ್ಷೆಗೆ ಮೊದಲು "ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ?" ಎಂದು ಕೇಳಿ. ಉತ್ತರ ಮರೆತ ಹುಡುಗಿಗೆ ಒಂದು ನಿಮಿಷ ಹೆಚ್ಚು ಕೊಡಿ. ಪಾಠ ಅವಳಲ್ಲಿ ಇರಬಹುದು, ಆ ಹೊತ್ತಿಗೆ ಹೊರಬರುತ್ತಿಲ್ಲ ಅಷ್ಟೆ.

ವಿದ್ಯಾರ್ಥಿ ಮಿತ್ರರೆ, ಮರೆತದ್ದಕ್ಕೆ ನಿಮ್ಮನ್ನು ನೀವು ದಡ್ಡರೆಂದು ತೀರ್ಮಾನಿಸಿಕೊಳ್ಳಬೇಡಿ. ಹೊರೆ ಯಾವುದೆಂದು ಗುರುತಿಸಿ, ಅದನ್ನು ಯಾರೊಡನೆ ಹಂಚಿಕೊಳ್ಳಬಹುದೆಂದು ಯೋಚಿಸಿ. ಹೊರೆ ಇಳಿದರೆ ಮಿದುಳು ಚೇತರಿಸಿಕೊಳ್ಳಬಲ್ಲದು, ಅದಕ್ಕೆ ಸ್ವಲ್ಪ ಸಮಯ ಕೊಡಬೇಕು. ಅಷ್ಟರಲ್ಲಿ ಶಾಲೆಯನ್ನು ಮಾತ್ರ ಬಿಡಬೇಡಿ.